ಮಿದುಳಿನ ರಕ್ತಪ್ರವಾಹ ಚಿತ್ರಣ ಮತ್ತು ಮನೋರೋಗಗಳ ಅಧ್ಯಯನ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಮನೋರೋಗಕ್ಕೆ ಸಂಬಂಧಿಸಿದಂತೆ ಪ್ರಮಾಣಪತ್ರ, ಚಿಕಿತ್ಸಾ ಸೌಲಭ್ಯ ಅಥವಾ ಇತರ ಸೇವೆಗಳಿಗೆ ಅರ್ಜಿ ಸಲ್ಲಿಸುವ ಕುಟುಂಬಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದುಂಟು: ರೋಗವಿರುವುದನ್ನು ರುಜುವಾತುಪಡಿಸಲು ಮಿದುಳಿನ ಸ್ಕ್ಯಾನ್ ಮಾಡಿಸಬೇಕೇ? ಮಿದುಳಿನಲ್ಲಿ ರಕ್ತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಹರಿಯುತ್ತಿದೆ ಎಂಬುದನ್ನು ಬಣ್ಣಗಳಲ್ಲಿ ತೋರಿಸುವ ಚಿತ್ರಗಳು ಪತ್ರಿಕೆಗಳಲ್ಲಿಯೂ ಅಂತರಜಾಲದಲ್ಲಿಯೂ ಕಾಣಸಿಗುತ್ತವೆ. ಇಂತಹ ಚಿತ್ರವೊಂದು ದೊರೆತರೆ ಖಿನ್ನತೆ, ಸ್ಕಿಜೋಫ್ರೇನಿಯಾ ಮೊದಲಾದ ರೋಗಗಳು ಕಣ್ಣಿಗೆ ಕಾಣುವಂತಾಗುವುದೆಂಬ ಭಾವನೆ ಮೂಡುವುದು ಸಹಜ.

ಈ ಬಗ್ಗೆ ಅರ್ಜಿದಾರರು ಮೊದಲಿಗೆ ತಿಳಿದಿರಬೇಕಾದ ಅಂಶವಿಷ್ಟು. ರಕ್ತಪ್ರವಾಹ ಚಿತ್ರಣವು ಮನೋರೋಗಗಳ ಅಧ್ಯಯನಕ್ಕೆ ಬಹು ಉಪಯುಕ್ತವಾದ ಸಾಧನವಾಗಿದೆ. ಆದರೆ ಒಬ್ಬ ವ್ಯಕ್ತಿಗೆ ಮನೋರೋಗವಿದೆ ಅಥವಾ ಇಲ್ಲ ಎಂದು ತೀರ್ಮಾನಿಸುವ ಸಾಧನವಾಗಿಲ್ಲ. ಅಧ್ಯಯನದಲ್ಲಿ ಉಪಯುಕ್ತವಾದುದು ನಿರ್ಣಯಕ್ಕೆ ಏಕೆ ಸಾಲದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮಿದುಳು ಮತ್ತು ರಕ್ತಪ್ರವಾಹ

ವಯಸ್ಕರ ಮಿದುಳಿನ ತೂಕವು ದೇಹದ ತೂಕದ ಸುಮಾರು ಶೇ. 2ರಷ್ಟು ಮಾತ್ರ. ಆದರೂ ದೇಹವು ವಿಶ್ರಾಂತಿಯಲ್ಲಿ ಬಳಸುವ ಆಮ್ಲಜನಕದ ಸುಮಾರು ಶೇ. 20ರಷ್ಟನ್ನು ಮಿದುಳೇ ಬಳಸುತ್ತದೆ. ಆಮ್ಲಜನಕವನ್ನಾಗಲೀ ಸಕ್ಕರೆಯ ಅಂಶವನ್ನಾಗಲೀ ಹೆಚ್ಚು ಕಾಲ ದಾಸ್ತಾನು ಮಾಡಿಟ್ಟುಕೊಳ್ಳುವ ಅನುಕೂಲ ಮಿದುಳಿಗಿಲ್ಲ. ಆದುದರಿಂದ ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್‌ನಂತೆ ರಕ್ತವು ಎಡೆಬಿಡದೆ ಹರಿಯುತ್ತಿರಬೇಕಾಗುತ್ತದೆ.

ಮಿದುಳಿನ ಯಾವುದೇ ಭಾಗದ ನರಕೋಶಗಳು ಹೆಚ್ಚು ಕೆಲಸದಲ್ಲಿ ತೊಡಗಿದಾಗ ಆ ಭಾಗದ ಸಣ್ಣ ರಕ್ತನಾಳಗಳು ಹಿಗ್ಗಿ ಅಲ್ಲಿಗೆ ಹೆಚ್ಚು ರಕ್ತ ಬರುತ್ತದೆ. ಕಾಲುವೆಯ ನೀರನ್ನು ಅಗತ್ಯವಿರುವ ಗದ್ದೆಯ ಕಡೆಗೆ ತೂಬು ತೆರೆದು ಬಿಡುವ ವ್ಯವಸ್ಥೆಗೆ ಇದನ್ನು ಹೋಲಿಸಬಹುದು. ಯಾವ ತೂಬಿನಲ್ಲಿ ಎಷ್ಟು ನೀರು ಹರಿಯಿತು ಎಂಬುದರಿಂದ ಯಾವ ಗದ್ದೆಯಲ್ಲಿ ಕೆಲಸ ನಡೆದಿದೆ ಎಂದು ಊಹಿಸಬಹುದೇ ಹೊರತು, ಅಲ್ಲಿ ಯಾವ ಬೆಳೆ ಇದೆ, ಬೆಳೆಗೆ ರೋಗ ತಗುಲಿದೆಯೇ ಎಂದು ನೀರಿನ ಲೆಕ್ಕದಿಂದಲೇ ಹೇಳಲಾಗದು. ರಕ್ತಪ್ರವಾಹ ಚಿತ್ರಣದ ಉಪಯೋಗವೂ ಅದರ ಮಿತಿಯೂ ಇದರಲ್ಲಿಯೇ ಅಡಗಿವೆ.

3. ವಿಧಾನಗಳ ಬೆಳವಣಿಗೆ

ಇಟಲಿಯ ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ ಅವರು 19ನೇ ಶತಮಾನದ ಕೊನೆಯ ಭಾಗದಲ್ಲಿ, ತಲೆಬುರುಡೆಯಲ್ಲಿ ಗಾಯದಿಂದ ರಂಧ್ರವಾಗಿದ್ದ ರೋಗಿಗಳ ಮಿದುಳಿನ ಮಿಡಿತವನ್ನು ದಾಖಲಿಸಿ, ಮಾನಸಿಕ ಚಟುವಟಿಕೆಯ ವೇಳೆ ಆ ಮಿಡಿತವು ಬದಲಾಗುವುದನ್ನು ಗುರುತಿಸಿದರು. 1890ರಲ್ಲಿ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಅವರು, ಮಿದುಳಿನ ರಕ್ತ ಪೂರೈಕೆಯು ಆಯಾ ಭಾಗದ ಚಟುವಟಿಕೆಗೆ ತಕ್ಕಂತೆ ಹೊಂದಿಕೊಳ್ಳುತ್ತದೆ ಎಂಬ ತತ್ತ್ವವನ್ನು ಮಂಡಿಸಿದರು.

ಜೀವಂತ ಮನುಷ್ಯರ ಮಿದುಳಿನ ರಕ್ತಪ್ರವಾಹವನ್ನು ಅಂಕಿಗಳಲ್ಲಿ ಅಳೆಯುವ ವಿಧಾನವನ್ನು 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಷ್ಮಿಟ್ ಅವರು ರೂಪಿಸಿದರು. ಅಲ್ಪ ಪ್ರಮಾಣದ ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿ, ಮಿದುಳಿಗೆ ಹೋಗುವ ರಕ್ತ ಹಾಗೂ ಮಿದುಳಿನಿಂದ ಹಿಂದಿರುಗುವ ರಕ್ತದಲ್ಲಿ ಅದರ ಪ್ರಮಾಣವನ್ನು ಹೋಲಿಸಿ ಲೆಕ್ಕ ಹಾಕಲಾಗುತ್ತಿತ್ತು. ಕೆಟಿ ಮತ್ತು ಸಂಗಡಿಗರು 1948ರಲ್ಲಿ ಇದೇ ವಿಧಾನವನ್ನು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಅನ್ವಯಿಸಿದಾಗ, ಅವರ ಮಿದುಳಿನ ಒಟ್ಟು ರಕ್ತಪ್ರವಾಹವು ಆರೋಗ್ಯವಂತರದಕ್ಕಿಂತ ಭಿನ್ನವಾಗಿರಲಿಲ್ಲ. ಒಟ್ಟು ಮೊತ್ತದಲ್ಲಿ ವ್ಯತ್ಯಾಸವಿಲ್ಲದ ಮೇಲೆ ಹಂಚಿಕೆಯಲ್ಲಿ ವ್ಯತ್ಯಾಸವಿರಬಹುದೇ ಎಂಬುದು ಮುಂದಿನ ಪ್ರಶ್ನೆಯಾಯಿತು. ಅಂದಿನಿಂದ ಇಂದಿನವರೆಗಿನ ಅಧ್ಯಯನಗಳು ಬಹುಮಟ್ಟಿಗೆ ಈ ಪ್ರಶ್ನೆಯ ಮುಂದುವರಿಕೆಯೇ ಆಗಿವೆ.

1960 ಹಾಗೂ 1970ರ ದಶಕಗಳಲ್ಲಿ ಡೆನ್ಮಾರ್ಕಿನ ನೀಲ್ಸ್ ಲಾಸೆನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ ಅವರು ವಿಕಿರಣಶೀಲ ಕ್ಸೆನಾನ್ ಅನಿಲವನ್ನು ಬಳಸಿ ಮಿದುಳಿನ ಬೇರೆ ಬೇರೆ ಭಾಗಗಳ ರಕ್ತಪ್ರವಾಹವನ್ನು ಪ್ರತ್ಯೇಕವಾಗಿ ಅಳೆದರು. ಅನಂತರ ಈ ಕೆಳಕಂಡ ವಿಧಾನಗಳು ಬಳಕೆಗೆ ಬಂದವು.

4. ಬಳಕೆಯಲ್ಲಿರುವ ಪ್ರಮುಖ ವಿಧಾನಗಳು

(ಅ) ಸ್ಪೆಕ್ಟ್: ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಸೇರಿಸಿದ ಔಷಧವನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ. ಔಷಧವು ಕೆಲವೇ ನಿಮಿಷಗಳಲ್ಲಿ ರಕ್ತಪ್ರವಾಹಕ್ಕೆ ಅನುಗುಣವಾಗಿ ಮಿದುಳಿನಲ್ಲಿ ಹಂಚಿಕೆಯಾಗಿ ಅಲ್ಲಿಯೇ ನಿಲ್ಲುತ್ತದೆ. ಟೆಕ್ನೀಷಿಯಂನ ಅರ್ಧಾಯುಷ್ಯ ಸುಮಾರು 6 ಗಂಟೆಗಳಾದ್ದರಿಂದ ಸ್ವಲ್ಪ ಸಮಯದ ನಂತರವೂ ಚಿತ್ರ ತೆಗೆಯಬಹುದು. ಆ ಚಿತ್ರವು ಔಷಧ ನೀಡಿದ ಕ್ಷಣದ ಸ್ಥಿತಿಯನ್ನು ತೋರಿಸುತ್ತದೆ.

(ಆ) ಪೆಟ್: ಆಮ್ಲಜನಕ-15 ಸೇರಿಸಿದ ನೀರಿನಿಂದ ರಕ್ತಪ್ರವಾಹವನ್ನು ನಿಖರವಾಗಿ ಅಳೆಯಬಹುದು. ಇದರ ಅರ್ಧಾಯುಷ್ಯ ಸುಮಾರು 2 ನಿಮಿಷಗಳಷ್ಟೇ ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರವು ಸಮೀಪದಲ್ಲಿಯೇ ಇರಬೇಕಾಗುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಎಫ್‌ಡಿಜಿ ಪೆಟ್ ಪರೀಕ್ಷೆಯು ರಕ್ತಪ್ರವಾಹವನ್ನಲ್ಲದೆ ಗ್ಲೂಕೋಸ್ ಬಳಕೆಯನ್ನು ತೋರಿಸುತ್ತದೆ. ಆದರೂ ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ.

(ಇ) ಕ್ರಿಯಾತ್ಮಕ ಎಂಆರ್‌ಐ: ಆಮ್ಲಜನಕವಿರುವ ಹಿಮೋಗ್ಲೋಬಿನ್ ಮತ್ತು ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ಗಳ ಕಾಂತೀಯ ಗುಣಗಳು ಬೇರೆ ಬೇರೆ. ಇದನ್ನು ಬಳಸಿ ಚಿತ್ರ ಪಡೆಯಬಹುದೆಂದು ಸೇಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಮನುಷ್ಯರ ಮೇಲಿನ ಮೊದಲ ವರದಿಗಳು 1992ರಲ್ಲಿ ಹೊರಬಂದವು. ಇದರಲ್ಲಿ ವಿಕಿರಣಶೀಲ ವಸ್ತುವಿನ ಬಳಕೆಯಿಲ್ಲ. ಆದರೆ ಇದು ರಕ್ತಪ್ರವಾಹವನ್ನು ನೇರವಾಗಿ ಅಳೆಯದೆ, ಅದರ ಪರಿಣಾಮವಾಗಿ ಉಂಟಾಗುವ ಸಣ್ಣ ಏರುಪೇರನ್ನು ಅಳೆಯುತ್ತದೆ. ನರಕೋಶಗಳು ಕೆಲಸ ಮಾಡಿದ ಸುಮಾರು 5 ಸೆಕೆಂಡುಗಳ ನಂತರ ಈ ಸಂಕೇತವು ಗರಿಷ್ಠ ಮಟ್ಟ ತಲಪುತ್ತದೆ.

(ಈ) ಎಎಸ್‌ಎಲ್ ವಿಧಾನ: ಇದೂ ಎಂಆರ್‌ಐ ಯಂತ್ರದಲ್ಲಿಯೇ ನಡೆಯುತ್ತದೆ. ಕುತ್ತಿಗೆಯ ಮೂಲಕ ಮಿದುಳಿಗೆ ಹೋಗುವ ರಕ್ತದಲ್ಲಿನ ನೀರಿನ ಅಂಶವನ್ನೇ ಕಾಂತೀಯವಾಗಿ ಗುರುತುಮಾಡಿ, ಚುಚ್ಚುಮದ್ದಿಲ್ಲದೆ ರಕ್ತಪ್ರವಾಹವನ್ನು ಅಳೆಯಲಾಗುತ್ತದೆ.

5. ಮನೋರೋಗಗಳ ಬಗ್ಗೆ ತಿಳಿದುಬಂದ ಅಂಶಗಳು

ಸ್ಕಿಜೋಫ್ರೇನಿಯಾ: ಇಂಗ್ವಾರ್ ಮತ್ತು ಫ್ರಾನ್ಸೆನ್ ಅವರು 1974ರಲ್ಲಿ ದೀರ್ಘಕಾಲದಿಂದ ಅಸ್ವಸ್ಥರಾಗಿದ್ದ ರೋಗಿಗಳನ್ನು ಪರೀಕ್ಷಿಸಿ, ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ರಕ್ತಪ್ರವಾಹವು ಇತರ ಭಾಗಗಳಿಗೆ ಹೋಲಿಸಿದಾಗ ಕಡಿಮೆಯಿರುವುದನ್ನು ವರದಿ ಮಾಡಿದರು. 1986ರಲ್ಲಿ ಅಮೆರಿಕದ ಡೇನಿಯಲ್ ವೈನ್‌ಬರ್ಗರ್ ಮತ್ತು ಸಂಗಡಿಗರು, ಯೋಚಿಸಿ ನಿಯಮ ಕಂಡುಹಿಡಿಯಬೇಕಾದ ಕಾರ್ಡ್ ವಿಂಗಡಣೆಯ ಪರೀಕ್ಷೆಯನ್ನು ಕೊಟ್ಟಾಗ, ಆರೋಗ್ಯವಂತರಲ್ಲಿ ಈ ಮುಂಭಾಗದ ರಕ್ತಪ್ರವಾಹ ಏರಿದಷ್ಟು ರೋಗಿಗಳಲ್ಲಿ ಏರಲಿಲ್ಲವೆಂದು ತೋರಿಸಿದರು. ನಂತರದ ಅಧ್ಯಯನಗಳಲ್ಲಿ ಈ ಚಿತ್ರ ಸಂಕೀರ್ಣವಾಯಿತು. ಕೊಟ್ಟ ಕೆಲಸದ ಕಷ್ಟ, ರೋಗಿಯ ನಿರ್ವಹಣೆ ಹಾಗೂ ಔಷಧಗಳನ್ನು ಅವಲಂಬಿಸಿ ಕೆಲವೆಡೆ ಚಟುವಟಿಕೆ ಕಡಿಮೆಯೂ ಕೆಲವೆಡೆ ಹೆಚ್ಚೂ ಕಂಡುಬಂದಿತು.

ಕಿವಿಯಲ್ಲಿ ಧ್ವನಿ ಕೇಳಿಸುವಿಕೆ: ಯಾರೂ ಮಾತನಾಡದಿದ್ದರೂ ಧ್ವನಿ ಕೇಳಿಸುತ್ತದೆ ಎಂದು ರೋಗಿಯು ಹೇಳಿದಾಗ ಮನೆಯವರು ಅದನ್ನು ನಟನೆಯೆಂದೋ ಗಾಳಿ ಸೋಕಿದೆಯೆಂದೋ ಭಾವಿಸುವುದುಂಟು. 1993ರಲ್ಲಿ ಲಂಡನ್ನಿನ ಸಂಶೋಧಕರು ಸ್ಕಿಜೋಫ್ರೇನಿಯಾವಿದ್ದ 12 ಪುರುಷರನ್ನು, ಧ್ವನಿ ಕೇಳಿಸುತ್ತಿದ್ದಾಗ ಒಮ್ಮೆ ಹಾಗೂ ಅದು ನಿಂತ ನಂತರ ಇನ್ನೊಮ್ಮೆ ಸ್ಪೆಕ್ಟ್ ವಿಧಾನದಿಂದ ಪರೀಕ್ಷಿಸಿದರು. ಧ್ವನಿ ಕೇಳಿಸುತ್ತಿದ್ದಾಗ, ಮಾತನ್ನು ರೂಪಿಸುವ ಬ್ರೋಕಾ ಪ್ರದೇಶದಲ್ಲಿ ರಕ್ತಪ್ರವಾಹ ಹೆಚ್ಚಾಗಿತ್ತು. ರೋಗಿಯ ಅನುಭವವು ಮಿದುಳಿನಲ್ಲಿ ನಿಜವಾಗಿಯೂ ನಡೆಯುವ ಘಟನೆಯೆಂಬುದಕ್ಕೆ ಇದು ಮಹತ್ವದ ಆಧಾರವಾಯಿತು. ಇಂತಹ ರೋಗಿಯನ್ನು ಗದರಿಸುವುದರಿಂದ ಪ್ರಯೋಜನವಿಲ್ಲ, ಚಿಕಿತ್ಸೆ ಕೊಡಿಸಬೇಕು ಎಂಬುದು ಕುಟುಂಬಗಳು ಇದರಿಂದ ತಿಳಿಯಬೇಕಾದ ಪಾಠ.

ಖಿನ್ನತೆ: ಹೆಲೆನ್ ಮೇಬರ್ಗ್ ಮೊದಲಾದವರ ಪೆಟ್ ಅಧ್ಯಯನಗಳು ಮಿದುಳಿನ ಮಧ್ಯಭಾಗದ ತಳದಲ್ಲಿರುವ 25ನೇ ಪ್ರದೇಶವೆಂಬ ಸಣ್ಣ ಭಾಗದ ಕಡೆಗೆ ಗಮನ ಸೆಳೆದವು. ದುಃಖದ ಸ್ಥಿತಿಯಲ್ಲಿ ಇಲ್ಲಿ ಚಟುವಟಿಕೆ ಏರುವುದೂ ಚಿಕಿತ್ಸೆಯಿಂದ ಗುಣವಾದಾಗ ಇಳಿಯುವುದೂ ಕಂಡುಬಂದಿತು. ಇದರ ಆಧಾರದ ಮೇಲೆ, ಬೇರಾವ ಚಿಕಿತ್ಸೆಗೂ ಸ್ಪಂದಿಸದ 6 ಮಂದಿ ರೋಗಿಗಳಿಗೆ ಆ ಭಾಗದಲ್ಲಿ ಸೂಕ್ಷ್ಮ ವಿದ್ಯುತ್ ಪ್ರಚೋದನೆ ನೀಡಲಾಯಿತು. 4 ಮಂದಿ ಗಣನೀಯವಾಗಿ ಸುಧಾರಿಸಿದರೆಂದು 2005ರಲ್ಲಿ ವರದಿಯಾಯಿತು. ಆದರೆ 90 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, 6 ತಿಂಗಳ ಅವಧಿಗೆ ನಿಜವಾದ ಪ್ರಚೋದನೆ ಪಡೆದವರಿಗೂ ಪಡೆಯದವರಿಗೂ ಅರ್ಥಪೂರ್ಣ ವ್ಯತ್ಯಾಸ ಕಂಡುಬರಲಿಲ್ಲ.

ಗೀಳು ರೋಗ: ಪದೇ ಪದೇ ಕೈ ತೊಳೆಯುವುದು, ಬಾಗಿಲು ಹಾಕಿದೆಯೇ ಎಂದು ಮತ್ತೆ ಮತ್ತೆ ನೋಡುವುದು ಮೊದಲಾದ ಲಕ್ಷಣಗಳುಳ್ಳ ರೋಗಿಗಳ ಬಗ್ಗೆ 1992ರಲ್ಲಿ ಪ್ರಕಟವಾದ ಪೆಟ್ ಅಧ್ಯಯನವು ಗಮನಾರ್ಹವಾದುದು. ಔಷಧದಿಂದ ಗುಣಮುಖರಾದವರಲ್ಲಿಯೂ, ಕೇವಲ ವರ್ತನಾ ಚಿಕಿತ್ಸೆಯಿಂದ ಗುಣಮುಖರಾದವರಲ್ಲಿಯೂ ಕಾಡೇಟ್ ಎಂಬ ಒಳಭಾಗದ ಗ್ಲೂಕೋಸ್ ಬಳಕೆಯು ಒಂದೇ ರೀತಿ ತಗ್ಗಿತ್ತು. ಮಾತು ಮತ್ತು ಅಭ್ಯಾಸಗಳ ಮೂಲಕ ನೀಡುವ ಚಿಕಿತ್ಸೆಯೂ ಮಿದುಳಿನ ಕಾರ್ಯದಲ್ಲಿ ಬದಲಾವಣೆ ತರಬಲ್ಲದೆಂಬುದಕ್ಕೆ ಇದು ನಿದರ್ಶನ.

6. ಒಬ್ಬ ವ್ಯಕ್ತಿಯ ರೋಗನಿರ್ಣಯಕ್ಕೆ ಇದು ಏಕೆ ಸಾಲದು

(1) ಮೇಲ್ಕಂಡ ಅಧ್ಯಯನಗಳಲ್ಲಿ ಹೆಚ್ಚಿನವು ಗುಂಪುಗಳ ಸರಾಸರಿಯನ್ನು ಕುರಿತವು. ಪುರುಷರ ಸರಾಸರಿ ಎತ್ತರವು ಮಹಿಳೆಯರ ಸರಾಸರಿಗಿಂತ ಹೆಚ್ಚು. ಆದರೆ 165 ಸೆಂಟಿಮೀಟರ್ ಎಂಬ ಅಂಕಿಯೊಂದನ್ನೇ ನೋಡಿ ಆ ವ್ಯಕ್ತಿ ಪುರುಷರೋ ಮಹಿಳೆಯೋ ಹೇಳಲಾಗದು. ರೋಗಿಗಳ ಹಾಗೂ ಆರೋಗ್ಯವಂತರ ರಕ್ತಪ್ರವಾಹದ ಅಂಕಿಗಳು ಇದಕ್ಕಿಂತಲೂ ಹೆಚ್ಚಾಗಿ ಒಂದರೊಳಗೊಂದು ಬೆರೆತಿರುತ್ತವೆ.

(2) ಒಂದೇ ರೀತಿಯ ಬದಲಾವಣೆಯು ಹಲವು ರೋಗಗಳಲ್ಲಿ ಕಾಣುತ್ತದೆ. ಮಿದುಳಿನ ಮುಂಭಾಗದ ರಕ್ತಪ್ರವಾಹವು ಸ್ಕಿಜೋಫ್ರೇನಿಯಾದಲ್ಲಿ ಮಾತ್ರವಲ್ಲದೆ ಖಿನ್ನತೆ ಹಾಗೂ ಕೆಲವು ಬಗೆಯ ಮರೆವಿನ ಕಾಯಿಲೆಗಳಲ್ಲಿಯೂ ಕಡಿಮೆಯಾಗಬಹುದು.

(3) ರೋಗವಲ್ಲದ ಕಾರಣಗಳಿಂದಲೂ ರಕ್ತಪ್ರವಾಹ ವ್ಯತ್ಯಾಸವಾಗುತ್ತದೆ. ಕಾಫಿ ಸೇವನೆಯಿಂದ ಅದು ಗಣನೀಯವಾಗಿ ತಗ್ಗುತ್ತದೆ, ರಕ್ತಹೀನತೆಯಲ್ಲಿ ಏರುತ್ತದೆ. ವಯಸ್ಸು, ನಿದ್ರೆ, ಧೂಮಪಾನ, ಉಸಿರಾಟದ ಗತಿ, ಸೇವಿಸುತ್ತಿರುವ ಔಷಧಗಳು, ಯಂತ್ರದೊಳಗೆ ಮಲಗಿದಾಗಿನ ಭಯ ಇವೆಲ್ಲವೂ ಪರಿಣಾಮ ಬೀರುತ್ತವೆ.

(4) ಚಿತ್ರದ ಬಣ್ಣಗಳು ಗಣಕಯಂತ್ರದ ಲೆಕ್ಕಾಚಾರದಿಂದ ಮೂಡಿದವು. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಇಲ್ಲದ್ದೂ ಕಾಣಬಹುದು. ಅಮೆರಿಕದ ಸಂಶೋಧಕರು 2009ರಲ್ಲಿ ಸತ್ತ ಸಾಲ್ಮನ್ ಮೀನೊಂದನ್ನು ಎಂಆರ್‌ಐ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಅಗತ್ಯವಾದ ತಿದ್ದುಪಡಿಯಿಲ್ಲದೆ ಲೆಕ್ಕ ಹಾಕಿದಾಗ ಅದರ ಮಿದುಳಿನಲ್ಲಿಯೂ ಚಟುವಟಿಕೆ ಕಂಡುಬಂದಿತು! ಲೆಕ್ಕವನ್ನು ಸರಿಪಡಿಸಿದೊಡನೆ ಅದು ಮಾಯವಾಯಿತು. 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಒಂದೇ ಅಂಕಿಅಂಶಗಳನ್ನು 70 ತಂಡಗಳಿಗೆ ಕೊಡಲಾಯಿತು. ಯಾವ ಎರಡು ತಂಡಗಳೂ ಒಂದೇ ಕ್ರಮವನ್ನು ಅನುಸರಿಸಲಿಲ್ಲ. ಹಲವು ಪ್ರಶ್ನೆಗಳಿಗೆ ಅವು ಬೇರೆ ಬೇರೆ ಉತ್ತರ ಕೊಟ್ಟವು. ಮಿದುಳಿನ ಚಿತ್ರಕ್ಕೂ ಮಾನಸಿಕ ಗುಣಗಳಿಗೂ ಇರುವ ಸಂಬಂಧವನ್ನು ವಿಶ್ವಾಸಾರ್ಹವಾಗಿ ತಿಳಿಯಲು ಸಾವಿರಾರು ಜನರ ಚಿತ್ರಗಳು ಬೇಕೆಂದು 2022ರ ಅಧ್ಯಯನವೊಂದು ತೋರಿಸಿದೆ.

(5) ಕೊನೆಯದಾಗಿ ಒಂದು ಸರಳ ಲೆಕ್ಕ. ಶೇ. 80ರಷ್ಟು ಸರಿಯಾಗಿ ಹೇಳುವ ಪರೀಕ್ಷೆಯೊಂದಿದೆಯೆಂದೂ, 1000 ಜನರಲ್ಲಿ 10 ಮಂದಿಗೆ ರೋಗವಿದೆಯೆಂದೂ ಇಟ್ಟುಕೊಳ್ಳೋಣ. ಆ 10 ಮಂದಿಯಲ್ಲಿ 8 ಮಂದಿಯನ್ನು ಪರೀಕ್ಷೆಯು ಗುರುತಿಸುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ಶೇ. 20ರಷ್ಟು, ಅಂದರೆ 198 ಮಂದಿಗೂ ರೋಗವಿದೆ ಎಂದು ತಪ್ಪಾಗಿ ಹೇಳುತ್ತದೆ. ಹೀಗೆ ರೋಗಿಗಳೆಂದು ಗುರುತಿಸಲ್ಪಟ್ಟ 206 ಮಂದಿಯಲ್ಲಿ ನಿಜವಾದ ರೋಗಿಗಳು 8 ಮಂದಿ ಮಾತ್ರ, ಅಂದರೆ ಶೇ. 4ಕ್ಕೂ ಕಡಿಮೆ. ಕೇಳಲು ಉತ್ತಮವೆನಿಸುವ ಪರೀಕ್ಷೆಯಿಂದಲೂ ಎಷ್ಟು ಜನರಿಗೆ ಅನ್ಯಾಯವಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

ಈ ಎಲ್ಲ ಕಾರಣಗಳಿಂದ, ಪ್ರಧಾನ ಮನೋರೋಗಗಳ ನಿರ್ಣಯಕ್ಕೆ ಮಿದುಳಿನ ಚಿತ್ರಣವು ವೈದ್ಯಕೀಯವಾಗಿ ಇನ್ನೂ ಸಿದ್ಧವಾಗಿಲ್ಲವೆಂದು ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ ತಜ್ಞರ ಸಮಿತಿಯು 2012ರಲ್ಲಿ ಅಭಿಪ್ರಾಯಪಟ್ಟಿತು. 2018ರಲ್ಲಿ ನಡೆದ ಮರುಪರಿಶೀಲನೆಯಲ್ಲಿಯೂ ಇದೇ ನಿಲುವು ವ್ಯಕ್ತವಾಯಿತು.

7. ವೈದ್ಯರು ಸ್ಕ್ಯಾನ್ ಸೂಚಿಸುವ ಸಂದರ್ಭಗಳು

ಮೇಲಿನ ವಿವರಣೆಯಿಂದ ಸ್ಕ್ಯಾನ್ ಎಂದಿಗೂ ಬೇಡವೆಂದು ಭಾವಿಸತಕ್ಕದ್ದಲ್ಲ. ಮನೋರೋಗದಂತೆ ತೋರುವ ಲಕ್ಷಣಗಳು ಗಡ್ಡೆ, ಪಾರ್ಶ್ವವಾಯು, ಮಿದುಳಿನ ಸೋಂಕು, ತಲೆಯ ಪೆಟ್ಟು ಮೊದಲಾದ ಕಾರಣಗಳಿಂದಲೂ ಬರಬಹುದು. ಈ ಕೆಳಕಂಡ ಸಂದರ್ಭಗಳಲ್ಲಿ ವೈದ್ಯರು ಸಾಮಾನ್ಯ ಸಿಟಿ ಅಥವಾ ಎಂಆರ್‌ಐ ಪರೀಕ್ಷೆಯನ್ನು ಸೂಚಿಸಬಹುದು.

- ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಮಾನಸಿಕ ಲಕ್ಷಣಗಳು ಕಾಣಿಸಿಕೊಂಡಾಗ
- ಜ್ವರ, ಮೂರ್ಛೆ ಅಥವಾ ಪ್ರಜ್ಞೆಯ ಏರುಪೇರು ಜೊತೆಗಿದ್ದಾಗ
- ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಅಥವಾ ದೃಷ್ಟಿದೋಷ ಕಂಡುಬಂದಾಗ
- ತಲೆಗೆ ಪೆಟ್ಟು ಬಿದ್ದ ನಂತರ ವರ್ತನೆ ಬದಲಾದಾಗ
- ನೆನಪಿನ ಶಕ್ತಿ ಕ್ರಮೇಣ ಕುಂದುತ್ತಿರುವಾಗ

ರಕ್ತಪ್ರವಾಹ ಹಾಗೂ ಗ್ಲೂಕೋಸ್ ಬಳಕೆಯ ಚಿತ್ರಣವು ನಿಜವಾಗಿ ನೆರವಾಗುವ ಸಂದರ್ಭಗಳು ಮುಖ್ಯವಾಗಿ ಎರಡು. ಮೊದಲನೆಯದು, ಮರೆವಿನ ಕಾಯಿಲೆಯು ಆಲ್‌ಝೈಮರ್ ಬಗೆಯದೋ ಮಿದುಳಿನ ಮುಂಭಾಗವನ್ನು ಬಾಧಿಸುವ ಬಗೆಯದೋ ಎಂದು ಬೇರ್ಪಡಿಸುವುದು. ಎರಡನೆಯದು, ಔಷಧಕ್ಕೆ ಬಗ್ಗದ ಮೂರ್ಛೆರೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗದ ಮೂಲಸ್ಥಾನವನ್ನು ಗುರುತಿಸುವುದು.

8. ಸ್ಕ್ಯಾನ್ ಇಲ್ಲದೆ ರೋಗನಿರ್ಣಯ ಹೇಗೆ?

ರೋಗಿಯೊಂದಿಗೆ ಹಾಗೂ ಮನೆಯವರೊಂದಿಗೆ ವಿವರವಾಗಿ ಮಾತನಾಡುವುದು, ವರ್ತನೆಯನ್ನು ಗಮನಿಸುವುದು, ದೈಹಿಕ ಪರೀಕ್ಷೆ ಮತ್ತು ಅಗತ್ಯವಿದ್ದಲ್ಲಿ ರಕ್ತ ಪರೀಕ್ಷೆ ಇವುಗಳೇ ಮನೋರೋಗ ನಿರ್ಣಯದ ಆಧಾರಗಳು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 3ನೇ ಪ್ರಕರಣದ ಪ್ರಕಾರ, ಮಾನಸಿಕ ಅಸ್ವಸ್ಥತೆಯನ್ನು ರಾಷ್ಟ್ರೀಯವಾಗಿ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡಗಳಂತೆ ನಿರ್ಧರಿಸತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವೂ ಇವುಗಳಲ್ಲಿ ಸೇರಿದೆ.

ಈ ಕ್ರಮವನ್ನು ಹಳ್ಳಿಗಳವರೆಗೆ ಕೊಂಡೊಯ್ಯಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಗಳನ್ನು ಅಲ್ಲಿಯೇ ಗುರುತಿಸಿ ಚಿಕಿತ್ಸೆ ನೀಡಲಾಯಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಅದಕ್ಕೆ ಬೇಕಾದುದು ತರಬೇತಿ ಪಡೆದ ವೈದ್ಯರು, ಸಾಮಾನ್ಯ ಔಷಧಗಳು ಮತ್ತು ಕ್ರಮಬದ್ಧವಾದ ಮರುಭೇಟಿ, ದುಬಾರಿ ಯಂತ್ರಗಳಲ್ಲ.

9. ವಿಕಲತೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಮಾನಸಿಕ ಅಸ್ವಸ್ಥತೆಯೂ ವಿಕಲತೆಗಳ ಪಟ್ಟಿಯಲ್ಲಿ ಸೇರಿದೆ. ವಿಕಲತೆಯ ಪ್ರಮಾಣವನ್ನು ಐಡಿಯಾಸ್ ಎಂಬ ಮಾಪಕದಿಂದ ಅಳೆಯುವಂತೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ತಿಳಿಸಲಾಗಿದೆ. ಈ ಮಾಪಕದಲ್ಲಿ ನಾಲ್ಕು ಅಂಶಗಳನ್ನು ಪರಿಗಣಿಸಲಾಗುತ್ತದೆ.

(ಅ) ಸ್ನಾನ, ಊಟ, ಉಡುಪು ಮೊದಲಾದ ಸ್ವಂತ ಆರೈಕೆ
(ಆ) ಮನೆಯವರು ಹಾಗೂ ಇತರರೊಂದಿಗಿನ ಒಡನಾಟ
(ಇ) ಮಾತುಕತೆ ಮತ್ತು ಗ್ರಹಿಕೆ
(ಈ) ಉದ್ಯೋಗ, ಮನೆಗೆಲಸ ಅಥವಾ ವ್ಯಾಸಂಗ

ಪ್ರತಿ ಅಂಶಕ್ಕೆ 0ಯಿಂದ 4ರವರೆಗೆ ಅಂಕ ನೀಡಿ, ರೋಗದ ಅವಧಿಗೆ 1ರಿಂದ 4ರವರೆಗೆ ಅಂಕ ಸೇರಿಸಲಾಗುತ್ತದೆ. ಒಟ್ಟು ಗರಿಷ್ಠ ಅಂಕ 20. ಒಟ್ಟು 7 ಅಥವಾ ಹೆಚ್ಚು ಅಂಕ ಬಂದಲ್ಲಿ ವಿಕಲತೆಯು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪರಿಗಣಿತವಾಗುತ್ತದೆ. ಈ ಲೆಕ್ಕದಲ್ಲಿ ಮಿದುಳಿನ ಚಿತ್ರಕ್ಕೆ ಯಾವುದೇ ಅಂಕವಿರುವುದಿಲ್ಲ.

ಆದುದರಿಂದ ಅರ್ಜಿದಾರರು ಸ್ಕ್ಯಾನ್ ವರದಿಗಿಂತಲೂ ಈ ಕೆಳಕಂಡವುಗಳನ್ನು ಜೋಪಾನವಾಗಿಟ್ಟು ಹಾಜರುಪಡಿಸುವುದು ಹೆಚ್ಚು ಪ್ರಯೋಜನಕಾರಿ.

- ಚಿಕಿತ್ಸೆ ಆರಂಭವಾದ ದಿನಾಂಕವನ್ನು ತೋರಿಸುವ ಹಳೆಯ ಹೊರರೋಗಿ ಚೀಟಿಗಳು
- ಆಸ್ಪತ್ರೆಯಿಂದ ಬಿಡುಗಡೆಯಾದಾಗ ನೀಡಿದ ಸಾರಾಂಶ ಪತ್ರ
- ಪ್ರಸ್ತುತ ಸೇವಿಸುತ್ತಿರುವ ಔಷಧಗಳ ಚೀಟಿ
- ರೋಗಿಯ ದಿನಚರಿಯನ್ನು ಬಲ್ಲ ಕುಟುಂಬದ ಸದಸ್ಯರೊಬ್ಬರ ಉಪಸ್ಥಿತಿ

10. ಸುರಕ್ಷತೆ ಮತ್ತು ಸಮ್ಮತಿ

ಸ್ಪೆಕ್ಟ್ ಹಾಗೂ ಪೆಟ್ ಪರೀಕ್ಷೆಗಳಲ್ಲಿ ಅಲ್ಪ ಪ್ರಮಾಣದ ವಿಕಿರಣವು ದೇಹವನ್ನು ಸೇರುತ್ತದೆ. ಗರ್ಭಿಣಿಯರು, ಗರ್ಭಧರಿಸಿರುವ ಸಂಭವವಿರುವವರು ಹಾಗೂ ಹಾಲುಣಿಸುವ ತಾಯಂದಿರು ಇದನ್ನು ಮುಂಚಿತವಾಗಿ ತಿಳಿಸತಕ್ಕದ್ದು. ಎಂಆರ್‌ಐನಲ್ಲಿ ಇಂತಹ ವಿಕಿರಣವಿಲ್ಲ. ಆದರೆ ಪ್ರಬಲ ಅಯಸ್ಕಾಂತವಿರುವುದರಿಂದ ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ ಅಥವಾ ದೇಹದಲ್ಲಿ ಲೋಹದ ತುಣುಕು ಇದ್ದಲ್ಲಿ ತಪ್ಪದೆ ತಿಳಿಸಬೇಕು. ಸ್ಕ್ಯಾನ್‌ಗಾಗಿ ನಿತ್ಯದ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಸಂಶೋಧನೆಗಾಗಿ ಚಿತ್ರಣಕ್ಕೆ ಒಳಪಡುವವರು ಸಮ್ಮತಿ ಪತ್ರವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಓದಿ ಅಥವಾ ಓದಿಸಿ ಕೇಳಿ ಸಹಿ ಮಾಡತಕ್ಕದ್ದು. ಭಾಗವಹಿಸಲು ನಿರಾಕರಿಸುವ ಅಥವಾ ಮಧ್ಯದಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯ ಅವರಿಗಿದೆ. ಇದರಿಂದ ಅವರ ಚಿಕಿತ್ಸೆಗೆ ಧಕ್ಕೆಯಾಗಕೂಡದು. ಸಂಶೋಧನೆಯ ಚಿತ್ರವು ಹಲವರ ಚಿತ್ರಗಳೊಂದಿಗೆ ಸೇರಿದಾಗ ಮಾತ್ರ ಅರ್ಥ ಕೊಡುವುದಾದ್ದರಿಂದ, ಅದರಿಂದ ಸ್ವಂತ ರೋಗದ ಬಗ್ಗೆ ವರದಿ ದೊರೆಯುವುದೆಂದು ನಿರೀಕ್ಷಿಸಬಾರದು. ಆದರೂ ಮುಂದಿನ ಪೀಳಿಗೆಯ ರೋಗಿಗಳಿಗೆ ಉತ್ತಮ ಚಿಕಿತ್ಸೆ ದೊರೆಯಲು ಇಂತಹ ಸಹಕಾರ ನೆರವಾಗುತ್ತದೆ.

11. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸ್ಕ್ಯಾನ್ ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬಂದಿದೆ. ಹಾಗಾದರೆ ರೋಗವಿಲ್ಲವೆಂದು ಅರ್ಥವೇ?
ಉತ್ತರ: ಇಲ್ಲ. ಗಡ್ಡೆ, ರಕ್ತಸ್ರಾವ ಮೊದಲಾದವು ಕಂಡುಬಂದಿಲ್ಲ ಎಂದಷ್ಟೇ ಅರ್ಥ. ಖಿನ್ನತೆ, ಸ್ಕಿಜೋಫ್ರೇನಿಯಾ ಇರುವ ಬಹುತೇಕ ರೋಗಿಗಳ ಸಾಮಾನ್ಯ ಸ್ಕ್ಯಾನ್ ವರದಿಯು ಸರಿಯಾಗಿಯೇ ಇರುತ್ತದೆ. ವರದಿ ಸರಿಯಿದೆಯೆಂದು ಔಷಧ ನಿಲ್ಲಿಸುವುದಾಗಲೀ, ರೋಗಿಯು ಸೋಮಾರಿತನದಿಂದ ಹೀಗಿದ್ದಾನೆಂದು ದೂರುವುದಾಗಲೀ ಸರಿಯಲ್ಲ.

ಪ್ರಶ್ನೆ: ಸ್ಪೆಕ್ಟ್ ಸ್ಕ್ಯಾನ್ ಮಾಡಿದರೆ ಯಾವ ಔಷಧ ಸೂಕ್ತವೆಂದು ತಿಳಿಯುವುದೇ?
ಉತ್ತರ: ಈ ದಿಶೆಯಲ್ಲಿ ಸಂಶೋಧನೆಗಳು ನಡೆದಿವೆ. ಆದರೆ ಮನೋರೋಗಕ್ಕೆ ಔಷಧವನ್ನು ಆರಿಸಲು ಇದು ವಾಡಿಕೆಯ ಚಿಕಿತ್ಸಾ ಕ್ರಮವಾಗಿ ಅಂಗೀಕೃತವಾಗಿಲ್ಲ. ಇದಕ್ಕಾಗಿ ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಬದಲು, ಆ ಹಣವನ್ನು ಔಷಧ ಹಾಗೂ ಮರುಭೇಟಿಗಳಿಗೆ ವಿನಿಯೋಗಿಸುವುದು ಸೂಕ್ತ.

ಪ್ರಶ್ನೆ: ಮನೋರೋಗವಿದೆಯೆಂದು ದಾಖಲಾದರೆ ವ್ಯಕ್ತಿಯು ಬುದ್ಧಿಸ್ಥಿಮಿತವಿಲ್ಲದವನೆಂದು ಪರಿಗಣಿತನಾಗುವನೇ?
ಉತ್ತರ: ಇಲ್ಲ. ಸಕ್ಷಮ ನ್ಯಾಯಾಲಯವು ಹಾಗೆ ಘೋಷಿಸದ ಹೊರತು, ರೋಗವಿದೆಯೆಂಬ ನಿರ್ಧಾರವೊಂದರಿಂದಲೇ ಯಾರನ್ನೂ ಹಾಗೆ ಪರಿಗಣಿಸತಕ್ಕದ್ದಲ್ಲ ಎಂದು 2017ರ ಅಧಿನಿಯಮದ 3ನೇ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಲಾಗಿದೆ.

ಪ್ರಶ್ನೆ: ಸಲಹೆಗಾಗಿ ಎಲ್ಲಿ ಸಂಪರ್ಕಿಸಬೇಕು?
ಉತ್ತರ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

12. ಮುಕ್ತಾಯ

ಮನೋರೋಗವು ಮನಸ್ಸಿನ ದೌರ್ಬಲ್ಯವಲ್ಲ, ಮಿದುಳಿನ ಕಾರ್ಯಕ್ಕೆ ಸಂಬಂಧಿಸಿದ ಕಾಯಿಲೆ ಎಂಬ ತಿಳಿವಳಿಕೆಯನ್ನು ಬೆಳೆಸುವಲ್ಲಿ ರಕ್ತಪ್ರವಾಹ ಚಿತ್ರಣದ ಪಾತ್ರ ದೊಡ್ಡದು. ಆದರೆ ಆ ಕಾಯಿಲೆಯಿಂದ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಆಗಿರುವ ತೊಂದರೆಯನ್ನು ಇಂದಿಗೂ ಆತನ ಮಾತು, ಮನೆಯವರ ಹೇಳಿಕೆ ಮತ್ತು ವೈದ್ಯರ ಪರಿಶೀಲನೆಯಿಂದಲೇ ತಿಳಿಯಬೇಕಾಗಿದೆ. ಸ್ಕ್ಯಾನ್ ವರದಿ ಇಲ್ಲವೆಂಬ ಕಾರಣಕ್ಕೆ ಅರ್ಜಿದಾರರು ಅರ್ಜಿ ಸಲ್ಲಿಸಲು ಹಿಂಜರಿಯಬಾರದೆಂದೂ, ಚಿಕಿತ್ಸೆಯನ್ನು ಮುಂದೂಡಬಾರದೆಂದೂ ಕೋರಲಾಗಿದೆ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.